ಬುರ್ಸಾದ ಕೋಣೆ, ಕಲೋನಿನ ಬೋಣಿ

ಎರಡು ತಿಂಗಳ ಹಿಂದೆ ಒಬ್ಬ ಓದುಗರು ಟವೆಲ್ ಬಗ್ಗೆ ಕೇಳಿದ್ದರು. ಮಗಳು ಜರ್ಮನಿಯಿಂದ ತಂದ ಟವೆಲ್ ಮೇಲೆ ಟರ್ಕಿಯ ಹೆಸರು ಯಾಕೆ ಇದೆ ಅಂತ. ನಾನು ಟವೆಲ್ ಮಾಡುವ ಟರ್ಕಿಯ ಡೆನಿಜ್ಲಿ ಎಂಬ ಊರಿನ ಹೆಸರು ಹೇಳಿ, ಇದರ ಹಿಂದೆ ಎರಡೂ ಕಡೆಯ ವಾಣಿಜ್ಯ ಛೇಂಬರ್‌ಗಳ ಕೆಲಸ ಬಹಳ ಇದೆ, ಇನ್ನೊಮ್ಮೆ ಬರೆಯುತ್ತೇನೆ ಎಂದು ಜಾರಿಕೊಂಡಿದ್ದೆ. ಓದುಗರು ಬಿಡಬೇಕಲ್ಲ! ಪ್ರಶ್ನೆಗಳು ಬಂದು ಬಿದ್ದಿವೆ. ನಾನು ಆರು ವರ್ಷ ಜರ್ಮನಿಯ ಕಲೋನ್ ನಗರದಲ್ಲಿ ಒಂದು ಯಂತ್ರದ ಕಂಪನಿಯ ಖರೀದಿ ವಿಭಾಗದಲ್ಲಿ ಇದ್ದವನು, ನಮ್ಮ ಬಿಡಿಭಾಗಗಳಲ್ಲಿ ದೊಡ್ಡ ಪಾಲು ಬರುತ್ತಿದ್ದದ್ದು ಟರ್ಕಿಯಿಂದ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ಛೇಂಬರ್ ಆಫ್ ಕಾಮರ್ಸ್ ಅಂದರೆ ಸಾಹುಕಾರರ ಕ್ಲಬ್ಬು ಅಂದುಕೊಂಡಿದ್ದೆ. ಟರ್ಕಿ, ಯುರೋಪಿನಲ್ಲಿ ಅದು ಬೇರೆ ಥರವೇ? (ಎಂ.ಕಾಂ. ವಿದ್ಯಾರ್ಥಿನಿ, ಹಾಸನ)

ಉತ್ತರ: ಬೇರೆ ಥರವೇ. ಮೊದಲು ಹೆಸರು ನೋಡಿ. ಛೇಂಬರ್‌ಗೆ ಟರ್ಕಿ ಭಾಷೆಯಲ್ಲಿ 'ಓಡಾ' ಅನ್ನುತ್ತಾರೆ. ಓಡಾ ಅಂದರೆ ಕೋಣೆ. ಮಲಗುವ ಕೋಣೆಗೂ ಅದೇ ಪದ, ಹೋಟೆಲ್ ರೂಮಿಗೂ ಅದೇ ಪದ, ವಾಣಿಜ್ಯ ಸಂಸ್ಥೆಗೂ ಅದೇ. ಮೊದಲ ಸಲ ಟರ್ಕಿಯ ಕಾರ್ಖಾನೆಗಳ ಊರು ಬುರ್ಸಾಗೆ ಹೋದಾಗ ಟ್ಯಾಕ್ಸಿಯವನಿಗೆ ಬರೀ 'ಓಡಾ' ಎಂದು ಹೇಳಿ ಹೋಟೆಲ್ ಮುಂದೆ ಇಳಿದವನು ನಾನು.

ನಮ್ಮ ಬೆಂಗಳೂರಿನ ಎಫ್‌ಕೆಸಿಸಿಐ ಗೊತ್ತಲ್ಲ. 1916ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ಛೇಂಬರ್ ಎಂದು ಶುರು ಮಾಡಿದ್ದು. ಅದಕ್ಕೆ ಸೇರುವುದು ಬಿಡುವುದು ನಿಮ್ಮ ಇಷ್ಟ. ಟರ್ಕಿಯಲ್ಲಿ ಹಾಗಿಲ್ಲ. ಕಂಪನಿ ನೋಂದಾಯಿಸಿದರೆ ಊರಿನ ಛೇಂಬರ್‌ಗೆ ಸೇರಲೇಬೇಕು, ಅದು ಕಾನೂನು. ಜರ್ಮನಿಯಲ್ಲೂ ಹೀಗೇ, ಅಲ್ಲಿ ಇಂಥ 79 ಪ್ರಾದೇಶಿಕ ಛೇಂಬರ್‌ಗಳಿವೆ. ಬ್ರಿಟನ್ನಿನದು ಮಾತ್ರ ನಮ್ಮ ಥರ, ಬೇಕಾದವರು ಸೇರುತ್ತಾರೆ. ಈ ಸಂಸ್ಥೆಯ ಕಲ್ಪನೆಯೇ ಹಳೆಯದು, ಫ್ರಾನ್ಸಿನ ಮಾರ್ಸೆ ಬಂದರಿನಲ್ಲಿ 1599ರಲ್ಲೇ ಒಂದು ಛೇಂಬರ್ ಹುಟ್ಟಿತು. ಇಸ್ತಾಂಬುಲ್ ಛೇಂಬರ್ ಶುರುವಾಗಿದ್ದು 1882ರಲ್ಲಿ, ಇನ್ನೂ ಸುಲ್ತಾನರ ಕಾಲ.

ಟರ್ಕಿಯಲ್ಲಿ ಈಗ ಛೇಂಬರ್‌ಗಳು ಮತ್ತು ಸರಕು ವಿನಿಮಯ ಕೇಂದ್ರಗಳು ಸೇರಿ 365. ಅವೆಲ್ಲದರ ಮೇಲೆ ಟಿಒಬಿಬಿ ಎಂಬ ಒಕ್ಕೂಟ ಇದೆ, ಅಂಕಾರಾದಲ್ಲಿ. ಅಲ್ಲಿನವರು ಅದನ್ನು ಸುಮ್ನೆ 'ತೊಬ್' ಅನ್ನುತ್ತಾರೆ. ಯುರೋಪಿನ ಕಡೆ ಇದಕ್ಕೆ ಜೋಡಿ ಅಂದರೆ ಬ್ರಸೆಲ್ಸ್‌ನ ಯೂರೋಛೇಂಬರ್ಸ್, 1958ರದು. ಟರ್ಕಿ ಯುರೋಪ್ ಒಕ್ಕೂಟದ ಒಳಗಿಲ್ಲ, ಆದರೆ ಟಿಒಬಿಬಿ ಯೂರೋಛೇಂಬರ್ಸ್ ಒಳಗಿದೆ. ರಾಜಕಾರಣಿಗಳು ಮಾತು ಬಿಟ್ಟ ವರ್ಷಗಳಲ್ಲೂ ಈ ಎರಡು ಆಫೀಸುಗಳ ಮಧ್ಯೆ ಕಾಗದ ಓಡಾಡುತ್ತಿತ್ತು. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇದೇ.

ಪ್ರಶ್ನೆ: ಟರ್ಕಿ ಯುರೋಪ್ ಒಕ್ಕೂಟದ ಸದಸ್ಯ ದೇಶವೇ ಅಲ್ಲ. ಮತ್ತೆ ಸುಂಕವಿಲ್ಲದೆ ಮಾಲು ಹೇಗೆ ಹೋಗುತ್ತದೆ? (ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ)

ಉತ್ತರ: ಬ್ಯಾಂಕಿನವರು ಕೇಳುವ ಪ್ರಶ್ನೆಯನ್ನೇ ಕೇಳಿದ್ದೀರಿ. 1963ರ ಸೆಪ್ಟೆಂಬರ್ 12ರಂದು ಅಂಕಾರಾ ಒಪ್ಪಂದ ಆಯಿತು. ಅದರ ಪ್ರಕಾರ ಹಂತ ಹಂತವಾಗಿ ಹತ್ತಿರ ಬರಬೇಕು, ಕೊನೆಗೆ ಒಂದೇ ಸುಂಕದ ಬೇಲಿಯೊಳಗೆ ಇರಬೇಕು. ಆ ಬೇಲಿ ಏಳಲು ಮೂವತ್ತೆರಡು ವರ್ಷ ಬೇಕಾಯಿತು. 1995ರ ಡಿಸೆಂಬರ್ 31ರಂದು ಕಸ್ಟಮ್ಸ್ ಯೂನಿಯನ್ ಜಾರಿಗೆ ಬಂತು. ಅಂದಿನಿಂದ ಕಾರ್ಖಾನೆಯ ಮಾಲಿಗೆ ಎರಡೂ ಕಡೆ ಸುಂಕ ಇಲ್ಲ. ಹೊರಗಿನ ದೇಶದ ಮಾಲಿಗೆ ಟರ್ಕಿ ಯುರೋಪಿನ ಸುಂಕದ ದರವನ್ನೇ ಹಾಕಬೇಕು. ಹೊಲದ ಬೆಳೆ, ಸೇವೆಗಳು, ಸರ್ಕಾರಿ ಟೆಂಡರು ಇದರೊಳಗೆ ಬರುವುದಿಲ್ಲ.

ಟವೆಲ್ಲಿನ ಲೆಕ್ಕವನ್ನೇ ನೋಡಿ. ಬೇರೆ ರಿಯಾಯಿತಿ ಇಲ್ಲದ ದೇಶದಿಂದ ಹತ್ತಿಯ ಟವೆಲ್ ಯುರೋಪಿಗೆ ಹೋದರೆ ನೂರಕ್ಕೆ 12 ಸುಂಕ. ಡೆನಿಜ್ಲಿಯಿಂದ ಹೋದರೆ ಸೊನ್ನೆ. ಟವೆಲ್ ವ್ಯಾಪಾರದಲ್ಲಿ ನೂರಕ್ಕೆ 12 ಅಂದರೆ ಲಾಭವೇ ಅಷ್ಟು ಇರುವುದಿಲ್ಲ.

ಈಗ ಛೇಂಬರ್ ಎಲ್ಲಿ ಬರುತ್ತದೆ ಅಂದರೆ, ಎ.ಟಿ.ಆರ್. ಎಂಬ ಒಂದು ಹಾಳೆಯಲ್ಲಿ. ಮಾಲಿನ ಜೊತೆ ಈ ಹಾಳೆ ಹೋಗದಿದ್ದರೆ ಸೊನ್ನೆ ಸುಂಕ ಸಿಗುವುದಿಲ್ಲ. ಅದರಲ್ಲಿ ಕಳಿಸುವವರು ಯಾರು, ಪಡೆಯುವವರು ಯಾರು, ಯಾವ ಗಾಡಿ, ಎಷ್ಟು ತೂಕ ಎಂದು ಸಣ್ಣ ಸಣ್ಣ ಚೌಕಗಳು. ಟರ್ಕಿಯಲ್ಲಿ ಛೇಂಬರ್ ಅದನ್ನು ನೋಡಿ ಒಪ್ಪಬೇಕು, ಆಮೇಲೆ ಕಸ್ಟಮ್ಸ್‌ನವರ ಮುದ್ರೆ ಬೀಳಬೇಕು. ಕೊಟ್ಟ ದಿನದಿಂದ ನಾಲ್ಕು ತಿಂಗಳೊಳಗೆ ಆ ಕಡೆಯ ಕಸ್ಟಮ್ಸ್‌ಗೆ ತೋರಿಸಬೇಕು.

ಇದರಲ್ಲಿ ಒಂದು ತಮಾಷೆ ಇದೆ. ಈ ಹಾಳೆ ಮಾಲು ಟರ್ಕಿಯಲ್ಲೇ ಹುಟ್ಟಿತು ಎಂದು ಹೇಳುವುದಿಲ್ಲ. ಮಾಲಿಗೆ ಬೇಲಿಯೊಳಗೆ ಓಡಾಡುವ ಹಕ್ಕಿದೆ ಎಂದಷ್ಟೇ ಹೇಳುತ್ತದೆ. ಚೀನಾದ ಬೇರಿಂಗಿಗೆ ಟರ್ಕಿಯಲ್ಲಿ ಸುಂಕ ಕಟ್ಟಿದ್ದರೆ ಅದೂ ಎ.ಟಿ.ಆರ್. ಹಿಡಿದು ಜರ್ಮನಿಗೆ ಹೋಗಬಹುದು. ಅಂಜೂರ, ಹೇಜಲ್‌ನಟ್ ಥರದ್ದಕ್ಕೆ, ಹಾಗೆಯೇ ಕೆಲವು ಉಕ್ಕಿನ ಮಾಲಿಗೆ, ಇಯುಆರ್.1 ಎಂಬ ಬೇರೆ ಹಾಳೆ. ಅಲ್ಲಿ ಹುಟ್ಟೂರು ಕೇಳುತ್ತಾರೆ.

ನನಗೆ ಈ ಹಾಳೆಯ ಬೆಲೆ ಗೊತ್ತಾಗಿದ್ದು ಪೆಟ್ಟು ತಿಂದು. ಒಮ್ಮೆ ನಮಗೆ ಬಿಡಿಭಾಗ ಕಳಿಸುವವರೊಬ್ಬರು ಶುಕ್ರವಾರ ಸಂಜೆ ಅವಸರದಲ್ಲಿ ಲಾರಿ ಬಿಟ್ಟುಬಿಟ್ಟರು. ಹಾಳೆ ಇತ್ತು, ಎಲ್ಲ ಚೌಕ ತುಂಬಿತ್ತು, ಕಸ್ಟಮ್ಸ್ ಮುದ್ರೆ ಇರಲಿಲ್ಲ. ಕಲೋನಿನಲ್ಲಿ ಮಾಲು ಗೋದಾಮಿನಲ್ಲೇ ಕೂತಿತು. ಹಿಂದಿನ ದಿನಾಂಕದ ರವಾನೆಗೆ ಆಮೇಲೆ ಹಾಳೆ ಮಾಡಿಸುವ ದಾರಿ ಇದೆ, ಮಾಡಿಸಿದೆವು, ಆದರೆ ಹನ್ನೊಂದು ದಿನ ಹೋಯಿತು. ಆ ಹನ್ನೊಂದು ದಿನ ನಮ್ಮ ಜೋಡಣೆ ಸಾಲಿನ ಮೇಸ್ತ್ರಿ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಪ್ರಶ್ನೆ: ಅಂದರೆ ಛೇಂಬರ್‌ನವರದು ಮದುವೆ ದಲ್ಲಾಳಿ ಕೆಲಸ, ಅಲ್ವಾ? (ಗಾರ್ಮೆಂಟ್ಸ್ ಮ್ಯಾನೇಜರ್, ದೊಡ್ಡಬಳ್ಳಾಪುರ)

ಉತ್ತರ: ಅರ್ಧ ಹೌದು. ದಲ್ಲಾಳಿಗೆ ಮದುವೆ ಆದರೆ ದುಡ್ಡು, ಆಮೇಲೆ ಗಂಡ ಹೆಂಡತಿ ಹೇಗಿದ್ದಾರೆ ಎಂದು ಅವನು ಕೇಳುವುದಿಲ್ಲ. ಛೇಂಬರ್‌ಗೆ ಎರಡೂ ಮನೆಯವರು ಖಾಯಂ ಸದಸ್ಯರು. ಜಗಳ ಆದರೆ ಇಬ್ಬರೂ ಅದರ ಬಾಗಿಲಿಗೇ ಬರುತ್ತಾರೆ.

ಹೆಣ್ಣು ನೋಡುವ ಶಾಸ್ತ್ರ ಮಾತ್ರ ನಿಜಕ್ಕೂ ಇದೆ. ಬುರ್ಸಾದ ಒಂದು ಸಭಾಂಗಣದಲ್ಲಿ ನಾನು ಕೂತಿದ್ದೇನೆ. ಮದುವೆ ಊಟದ ಹಾಲಿನಷ್ಟು ದೊಡ್ಡ ಜಾಗ, ಸಾಲು ಸಾಲು ಪುಟ್ಟ ಮೇಜು, ಪ್ರತಿ ಮೇಜಿಗೂ ನಂಬರ್. ಯುರೋಪಿನಿಂದ ಬಂದವರು ಕೂತಿರುತ್ತೇವೆ, ಸ್ಥಳೀಯ ಕಂಪನಿಯವರು ಕೈಯಲ್ಲಿ ಚೀಟಿ ಹಿಡಿದು ಮೇಜಿಂದ ಮೇಜಿಗೆ ಬರುತ್ತಾರೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಗಂಟೆ ಹೊಡೆದರೆ ಏಳಬೇಕು. ಎಂಟನೇ ಭೇಟಿಯ ಹೊತ್ತಿಗೆ ಯಾರು ಬೋಲ್ಟು ಮಾಡುವವರು ಯಾರು ಬುಷ್ಷು (ಯಂತ್ರದ ದಂಡ ಕೂರುವ ಸಣ್ಣ ಲೋಹದ ಕೊಳವೆ) ಮಾಡುವವರು ಎಂದು ಗೊತ್ತಾಗದಷ್ಟು ತಲೆ ಕೆಟ್ಟಿರುತ್ತದೆ. ಮಧ್ಯೆ ಮಧ್ಯೆ ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ. ಬೇಡ ಅಂದರೂ ಬರುತ್ತದೆ.

ಅವತ್ತು ನನ್ನ ಮೇಜಿಗೆ ಒಬ್ಬ ಮುದುಕರು ಬಂದರು. ಬ್ರೋಷರ್ ಇಲ್ಲ, ವಿಸಿಟಿಂಗ್ ಕಾರ್ಡ್ ಇಲ್ಲ. ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಒಂದು ಹಿತ್ತಾಳೆಯ ಬುಷ್ಷು ತೆಗೆದು ಮೇಜಿನ ಮೇಲೆ ಇಟ್ಟು ಸುಮ್ಮನೆ ಕೂತರು. ದುಭಾಷಿ ಹುಡುಗಿ ಏನು ಹೇಳಲಿ ಎಂದು ಅವರ ಮುಖ ನೋಡಿದಳು. ಅಳತೆ ತೆಗೆದು ನೋಡಿ ಅನ್ನುವಂತೆ ಕೈ ಮಾಡಿದರು, ಅಷ್ಟೇ. ನಾನು ಕ್ಯಾಲಿಪರ್ ಹಚ್ಚಿ ನೋಡಿದೆ. ಆ ಇಡೀ ದಿನದಲ್ಲಿ ನಮಗೆ ಉಳಿದ ವ್ಯಾಪಾರ ಅದೊಂದೇ.

ಆದರೆ ಆ ಮುದುಕರು ನನ್ನ ಮೇಜಿಗೆ ತಾವಾಗಿ ಬಂದವರಲ್ಲ. ಊರಿನ ಛೇಂಬರ್‌ನ ಒಬ್ಬ ಗುಮಾಸ್ತೆ ನಮ್ಮ ಬೇಡಿಕೆ ಪಟ್ಟಿ ಓದಿ, ಇವರ ಹೆಸರು ನೆನಪಾಗಿ, ಫೋನ್ ಮಾಡಿ ಕರೆಸಿದ್ದರು. ವೇದಿಕೆ, ಬ್ಯಾನರ್, ಭಾಷಣ ಎಲ್ಲ ಸರಿ. ಅಸಲಿ ಕೆಲಸ ಆಗುವುದು ಆ ಗುಮಾಸ್ತೆಯ ನೆನಪಿನಲ್ಲಿ.

ಇಂಥ ಭೇಟಿಗಳಿಗೆ ಬೇರೆ ಬೇರೆ ದಾರಿಗಳಿವೆ. ಜರ್ಮನ್ನರ ಛೇಂಬರ್ ಇಸ್ತಾಂಬುಲ್‌ನಲ್ಲೇ ಇದೆ. ಇಟಲಿಯವರದು ಅಲ್ಲಿ 1885ರಿಂದ ಇದೆ, ಬ್ರಿಟಿಷರದು 1887ರಿಂದ. 2008ರಲ್ಲಿ ಶುರುವಾದ ಎಂಟರ್‌ಪ್ರೈಸ್ ಯುರೋಪ್ ನೆಟ್‌ವರ್ಕ್ ಎಂಬ ಜಾಲ ಟರ್ಕಿಯಲ್ಲೂ ಕೆಲಸ ಮಾಡುತ್ತದೆ, ಸಣ್ಣ ಕಂಪನಿಗಳು ಅದರಲ್ಲಿ ತಮ್ಮ ಬೇಡಿಕೆ ಹಾಕಬಹುದು. ಯೂರೋಛೇಂಬರ್ಸ್ ಮತ್ತು ಟಿಒಬಿಬಿ ಸೇರಿ ಯುರೋಪ್ ಒಕ್ಕೂಟದ ದುಡ್ಡಿನಲ್ಲಿ ಟರ್ಕಿ–ಇಯು ಬಿಸಿನೆಸ್ ಡೈಲಾಗ್ ಎಂಬ ಯೋಜನೆ ನಡೆಸಿದವು. ಅದರಲ್ಲಿ ಕಂಪನಿಗಿಂತ ಮೊದಲು ಛೇಂಬರ್‌ಗಳನ್ನೇ ಜೋಡಿ ಮಾಡುತ್ತಿದ್ದರು, ಟರ್ಕಿಯ ಒಂದು ಊರಿನ ಛೇಂಬರ್, ಯುರೋಪಿನ ಒಂದು ಊರಿನ ಛೇಂಬರ್. ಇದು ಬುದ್ಧಿವಂತ ಕೆಲಸ. ಗುಮಾಸ್ತರಿಗೆ ಗುಮಾಸ್ತರ ಪರಿಚಯ ಆದರೆ ಉಳಿದದ್ದು ತಾನಾಗಿ ಆಗುತ್ತದೆ.

ಪ್ರಶ್ನೆ: ಎರಡು ಛೇಂಬರ್ ಅಧ್ಯಕ್ಷರು ಎಂಒಯು ಹಿಡಿದು ನಗುತ್ತಿರುವ ಫೋಟೋಗಳು ಬರುತ್ತವಲ್ಲ, ಆ ಎಂಒಯು ಆಮೇಲೆ ಏನಾಗುತ್ತದೆ? (ಓದುಗರು, ಶಿವಮೊಗ್ಗ)

ಉತ್ತರ: ಫ್ರೇಮ್ ಆಗುತ್ತದೆ.

ಪ್ರಶ್ನೆ: ನಮ್ಮದು ಎರಕದ ಕಾರ್ಖಾನೆ. ಒಬ್ಬ ಜರ್ಮನ್ ಗಿರಾಕಿ ಬೆಲೆ ನಮ್ಮದೇ ಕಡಿಮೆ ಎಂದು ಒಪ್ಪಿಕೊಂಡ, ಆದರೂ ಆರ್ಡರ್ ಟರ್ಕಿಗೆ ಕೊಟ್ಟ. ಯಾಕೆ? (ಫೌಂಡ್ರಿ ಮಾಲೀಕರು, ಬೆಳಗಾವಿ)

ಉತ್ತರ: ನಿಮ್ಮ ಹೊಟ್ಟೆಯುರಿ ಅರ್ಥವಾಗುತ್ತದೆ. ಮೇಜಿನ ಆ ಕಡೆ ಕೂತು ಇದೇ ಕೆಲಸ ನಾನೂ ಮಾಡಿದ್ದೇನೆ, ಬೈದುಕೊಳ್ಳಬೇಡಿ.

ಖರೀದಿ ಮಾಡುವವನು ಒಂದು ತುಂಡಿನ ಬೆಲೆ ನೋಡುವುದಿಲ್ಲ, ತುಂಡು ತಪ್ಪಾದಾಗ ಏನಾಗುತ್ತದೆ ಎಂದು ನೋಡುತ್ತಾನೆ. ಬುರ್ಸಾದಿಂದ ಲಾರಿ ಹೊರಟರೆ ಒಂದು ವಾರದ ಆಸುಪಾಸಿನಲ್ಲಿ ಜರ್ಮನಿಯಲ್ಲಿರುತ್ತದೆ. ಒಂದೋ ಕಪಿಕುಲೆ ಗಡಿಯಿಂದ ಬಲ್ಗೇರಿಯಾ ಹೊಕ್ಕು ರಸ್ತೆಯಲ್ಲಿ ಹೋಗುತ್ತದೆ, ಇಲ್ಲವೇ ಇಸ್ತಾಂಬುಲ್ ಪಕ್ಕದ ಪೆಂಡಿಕ್‌ನಲ್ಲಿ ಲಾರಿಯನ್ನೇ ಹಡಗಿಗೆ ಹತ್ತಿಸಿ ಇಟಲಿಯ ಟ್ರಿಯೆಸ್ಟೆಯಲ್ಲಿ ಇಳಿಸುತ್ತಾರೆ. ನಿಮ್ಮ ಕಂಟೇನರ್ ಸಮುದ್ರದಲ್ಲಿ ವಾರಗಟ್ಟಲೆ ಇರುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಆಫ್ರಿಕಾ ಸುತ್ತಿಕೊಂಡು ಹೋಗಬೇಕಾಗಿ ಬಂದದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತಪ್ಪು ಮಾಲು ಬಂದರೆ ಬುರ್ಸಾದಿಂದ ಒಬ್ಬ ಇಂಜಿನಿಯರ್ ಮಾರನೇ ದಿನದ ವಿಮಾನ ಹತ್ತುತ್ತಾನೆ. ಸಣ್ಣ ಲಾಟು ಕೇಳಿದರೂ ಕೊಡುತ್ತಾನೆ, 200 ತುಂಡು ಅಂದರೂ ಮುಖ ಸಿಂಡರಿಸುವುದಿಲ್ಲ.

ಜೊತೆಗೆ ಹಳೆಯ ಒಡನಾಟ. ಫಿಯಟ್ ಜೊತೆಗಿನ ಟೊಫಾಶ್, ರೆನೋ ಜೊತೆಗಿನ ಒಯಾಕ್, ಎರಡೂ ಬುರ್ಸಾದಲ್ಲಿ ಕಾರು ಮಾಡಲು ಶುರು ಮಾಡಿದ್ದು 1971ರಲ್ಲಿ. ಆ ಎರಡು ಕಾರ್ಖಾನೆಗಳ ಸುತ್ತ ಬೆಳೆದ ಸಣ್ಣ ವರ್ಕ್‌ಶಾಪುಗಳಿಗೆ ಯುರೋಪಿನ ಡ್ರಾಯಿಂಗ್ ಓದುವುದು, ಯುರೋಪಿನ ಆಡಿಟರ್ ಜೊತೆ ವಾದ ಮಾಡುವುದು ಎರಡೂ ಐವತ್ತು ವರ್ಷದ ಅಭ್ಯಾಸ. ನಮ್ಮ ಬೆಳಗಾವಿಯ ಎರಕದ ಕೈ ಕಡಿಮೆ ಏನಲ್ಲ. ದೂರ ಜಾಸ್ತಿ, ಅಷ್ಟೇ.

ನಿಮಗೆ ಒಂದು ಸಮಾಧಾನದ ವಿಷಯ ಇದೆ. ಯುರೋಪಿನ ಗಡಿಯ ಇಂಗಾಲದ ಶುಲ್ಕ, ಸಿಬಿಎಎಂ, ಟರ್ಕಿಯನ್ನೂ ಬಿಟ್ಟಿಲ್ಲ. 2023ರ ಅಕ್ಟೋಬರ್‌ನಿಂದ ಲೆಕ್ಕ ಕೊಡುವುದು ಶುರುವಾಯಿತು, 2026ರ ಜನವರಿಯಿಂದ ಅದು ದುಡ್ಡಿನ ಮಾತು. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ ಎಲ್ಲ ಅದರಲ್ಲಿದೆ. ಕಸ್ಟಮ್ಸ್ ಯೂನಿಯನ್‌ನಲ್ಲಿ ಇದ್ದೇವೆ, ನಮಗೆ ವಿನಾಯಿತಿ ಸಿಗಬಾರದೇ ಎಂಬ ಆಸೆ ಟರ್ಕಿಯವರಿಗೆ ಇತ್ತು, ಸಿಗಲಿಲ್ಲ. ಒಂದು ಟನ್‌ಗೆ ಎಷ್ಟು ಇಂಗಾಲ ಎಂದು ಬರೆದುಕೊಡಲು ಅಲ್ಲಿನ ಸಣ್ಣ ಕಾರ್ಖಾನೆಯವನೂ ತಲೆ ಕೆರೆದುಕೊಳ್ಳುತ್ತಿದ್ದಾನೆ. ನಿಮ್ಮ ಮಾಲಿನ ಎಚ್‌ಎಸ್ ಕೋಡ್ (ಮಾಲಿನ ಬಗೆ ಗುರುತಿಸುವ ಕಸ್ಟಮ್ಸ್ ಸಂಖ್ಯೆ) ಆ ಪಟ್ಟಿಯಲ್ಲಿ ಇದೆಯಾ ಎಂದು ಇವತ್ತೇ ನೋಡಿ. ಎರಕದ ಎಲ್ಲ ಮಾಲೂ ಅದರಲ್ಲಿಲ್ಲ. ಇದ್ದರೆ ಲೆಕ್ಕ ಮೊದಲೇ ಸಿದ್ಧ ಮಾಡಿ, ಮುಂದಿನ ಸಲ ಗಿರಾಕಿ ಕೇಳುವ ಮುಂಚೆ ಮೇಜಿನ ಮೇಲಿಡಿ.

ಪ್ರಶ್ನೆ: ಇದು ಪಾಲುದಾರಿಕೆಯೋ ಕೂಲಿಯೋ? ಬ್ರ್ಯಾಂಡ್ ಯುರೋಪಿನವರದು, ಬೆವರು ಟರ್ಕಿಯವರದು. (ಉಪನ್ಯಾಸಕರು, ಧಾರವಾಡ)

ಉತ್ತರ: ಇದಕ್ಕೆ ಅಲ್ಲಿ ಒಂದು ಪದವೇ ಇದೆ, 'ಫಸೋನ್'. ಬೇರೆಯವರ ಹೆಸರಿಗೆ ಮಾಡಿಕೊಡುವ ಕೆಲಸ. ಬಟ್ಟೆಯಲ್ಲಿ ಇವತ್ತಿಗೂ ಇದು ಜಾಸ್ತಿ, ಮತ್ತು ನೀವು ಹೇಳುವ ಬೆವರಿನ ಮಾತು ಅಲ್ಲಿ ನಿಜ. ದರ ಕಡಿಮೆ ಮಾಡು ಎಂದು ಒತ್ತುವವನು ಇಸ್ತಾಂಬುಲ್‌ನ ಹೊಲಿಗೆ ಅಂಗಡಿಯ ಹುಡುಗನ ಸಂಬಳ ಎಷ್ಟು ಎಂದು ಕೇಳುವುದಿಲ್ಲ. ಛೇಂಬರ್‌ಗಳೂ ಕೇಳುವುದಿಲ್ಲ. ಅವು ಮಾಲೀಕರ ಸಂಸ್ಥೆಗಳು, ಅದನ್ನು ಮರೆಯಬಾರದು.

ಆದರೆ ಫಸೋನ್‌ನಲ್ಲೇ ಎಲ್ಲರೂ ಉಳಿಯಲಿಲ್ಲ. ಮನೆ ಉಪಕರಣ ಮಾಡುವ ಆರ್ಚೆಲಿಕ್ ಕಂಪನಿ 2004ರಲ್ಲಿ ಒಬ್ಬ ಬ್ರಿಟಿಷ್ ಪಾಲುದಾರರ ಜೊತೆ ಸೇರಿ ಜರ್ಮನಿಯ ಗ್ರುಂಡಿಗ್ ಬ್ರ್ಯಾಂಡ್ ಕೊಂಡಿತು, ಕೆಲವೇ ವರ್ಷದಲ್ಲಿ ಪೂರ್ತಿ ತನ್ನದಾಗಿಸಿಕೊಂಡಿತು. ಜರ್ಮನಿಯ ಅಜ್ಜಿಯರು ಗ್ರುಂಡಿಗ್ ರೇಡಿಯೋ ಅಂದರೆ ಕಣ್ಣರಳಿಸುತ್ತಾರೆ, ನಮ್ಮಲ್ಲಿ ಮರ್ಫಿ ರೇಡಿಯೋ ಅಂದ ಹಾಗೆ. 2024ರಲ್ಲಿ ವರ್ಲ್‌ಪೂಲ್‌ನ ಯುರೋಪ್ ವ್ಯಾಪಾರವನ್ನೂ ಸೇರಿಸಿಕೊಂಡು ಬೆಕೊ ಯುರೋಪ್ ಎಂಬ ಕಂಪನಿ ಆಯಿತು. ಅದರಲ್ಲಿ ನೂರಕ್ಕೆ 75 ಪಾಲು ಟರ್ಕಿಯವರದು. ಈಗ ಇಟಲಿಯ ಕಾರ್ಖಾನೆಯ ಕೆಲಸಗಾರರು ಇಸ್ತಾಂಬುಲ್‌ನ ಹೆಡ್ ಆಫೀಸ್ ಏನು ಹೇಳುತ್ತದೋ ಎಂದು ಕಾಯುತ್ತಾರೆ.

ಪ್ರಶ್ನೆ: ಎಲ್ಲ ಚೆನ್ನಾಗಿಯೇ ಇದೆ ಅನ್ನುವ ಹಾಗೆ ಬರೆಯುತ್ತೀರಿ. ಟರ್ಕಿಯ ವ್ಯಾಪಾರಿಗಳು ಸದಾ ಯುರೋಪನ್ನು ಬೈಯುತ್ತಾರೆ ಎಂದು ಓದಿದ್ದೆ. (ಲಾರಿ ಟ್ರಾನ್ಸ್‌ಪೋರ್ಟ್ ನಡೆಸುವವರು, ದಾವಣಗೆರೆ)

ಉತ್ತರ: ನೀವು ಲಾರಿಯವರು, ನಿಮಗೆ ಲಾರಿಯಿಂದಲೇ ಹೇಳುತ್ತೇನೆ.

ಮಾಲಿಗೆ ಗಡಿ ಇಲ್ಲ, ಆದರೆ ಮಾಲು ಹೊತ್ತ ಲಾರಿಗೆ ಗಡಿ ಇದೆ. ರಸ್ತೆ ಸಾರಿಗೆ ಸೇವೆಯ ಲೆಕ್ಕಕ್ಕೆ ಬರುತ್ತದೆ, ಸೇವೆ ಕಸ್ಟಮ್ಸ್ ಯೂನಿಯನ್ನಿನಲ್ಲಿ ಇಲ್ಲ. ಹಾಗಾಗಿ ಟರ್ಕಿಯ ಲಾರಿ ದಾಟಲು ಒಂದೊಂದು ದೇಶವೂ ವರ್ಷಕ್ಕೆ ಇಂತಿಷ್ಟು ಎಂದು ಪರ್ಮಿಟ್ ಕೊಡುತ್ತದೆ. ಪರ್ಮಿಟ್ ಮುಗಿದರೆ ಲಾರಿ ನಿಲ್ಲಬೇಕು. ಕಪಿಕುಲೆಯ ಕ್ಯೂ ಕಿಲೋಮೀಟರ್‌ಗಟ್ಟಲೆ ಇರುತ್ತದೆ. ನಿಮ್ಮ ಡ್ರೈವರ್‌ಗಳ ಹಾಗೇ ಅವರೂ ಗಾಡಿಯ ಬದಿಯ ಪೆಟ್ಟಿಗೆಯಲ್ಲಿ ಸಣ್ಣ ಗ್ಯಾಸ್ ಸ್ಟೌ ಇಟ್ಟುಕೊಂಡಿರುತ್ತಾರೆ, ಎರಡು ಅಂತಸ್ತಿನ ಕೆಟಲಿನಲ್ಲಿ ಚಹಾ ಕಾಯಿಸಿಕೊಂಡು ಕೂರುತ್ತಾರೆ. ಹಂಗೇರಿ ತನ್ನ ರಸ್ತೆ ದಾಟುವ ಟರ್ಕಿ ಲಾರಿಗಳಿಗೆ ತೆರಿಗೆ ಹಾಕುತ್ತಿತ್ತು. ಇಸ್ತಾಂಬುಲ್ ಲೊಜಿಸ್ಟಿಕ್ ಎಂಬ ಕಂಪನಿ ಕೋರ್ಟಿಗೆ ಹೋಯಿತು. 2017ರ ಅಕ್ಟೋಬರ್ 19ರಂದು ಯುರೋಪಿನ ನ್ಯಾಯಾಲಯ, ಇದು ಸುಂಕಕ್ಕೆ ಸಮ, ಹಾಕುವಂತಿಲ್ಲ ಎಂದಿತು. ಆದರೆ ಪರ್ಮಿಟ್ಟಿನ ಕೋಟಾ ಹಾಗೇ ಉಳಿಯಿತು.

ಎರಡನೆಯದು ವೀಸಾ. ನನಗೆ ಇದರಷ್ಟು ನಾಚಿಕೆ ತಂದ ವಿಷಯ ಇನ್ನೊಂದಿಲ್ಲ. ಆ ಬುಷ್ಷಿನ ಮುದುಕರನ್ನು ನಮ್ಮ ಕಾರ್ಖಾನೆ ನೋಡಲು ಕರೆದೆ. ಅವರ ಮಾಲು ಸಲೀಸಾಗಿ ಕಲೋನಿಗೆ ಬರುತ್ತಿತ್ತು, ಅವರು ಬರಲು ಬ್ಯಾಂಕ್ ಪುಸ್ತಕ, ಆಸ್ತಿಪತ್ರ, ಛೇಂಬರ್‌ನ ಪತ್ರ, ನಮ್ಮ ಪತ್ರ ಎಲ್ಲ ಕೊಟ್ಟು ಕಾದರು. ವೀಸಾ ಕೈಗೆ ಬರುವಷ್ಟರಲ್ಲಿ ನಾವು ಕರೆದಿದ್ದ ತಾರೀಖು ಮುಗಿದಿತ್ತು. ಇದರಲ್ಲೂ ಒಂದು ಕೋರ್ಟು ಕಥೆ ಇದೆ. ಟರ್ಕಿಯ ಇಬ್ಬರು ಲಾರಿ ಡ್ರೈವರ್‌ಗಳ ಸೊಯ್ಸಾಲ್ ಮೊಕದ್ದಮೆಯಲ್ಲಿ 2009ರಲ್ಲಿ ಅದೇ ನ್ಯಾಯಾಲಯ, 1973ರಲ್ಲಿ ವೀಸಾ ಕೇಳುತ್ತಿರಲಿಲ್ಲವಾದ್ದರಿಂದ ಸೇವೆ ಕೊಡಲು ಬರುವವರಿಗೆ ಈಗ ಹೊಸದಾಗಿ ಕೇಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಎಲ್ಲರೂ ಹಬ್ಬ ಮಾಡಿದರು. 2013ರ ಇನ್ನೊಂದು ತೀರ್ಪು ಅದರ ವ್ಯಾಪ್ತಿಗೆ ಗಡಿ ಎಳೆಯಿತು, ಸೇವೆ ಪಡೆಯಲು ಬರುವವರಿಗೆ ಇದು ಅನ್ವಯಿಸದು ಎಂದಿತು. ಕ್ಯೂ ಕರಗಲಿಲ್ಲ. ದೊಡ್ಡ ರಫ್ತುದಾರರಿಗೆ ಟರ್ಕಿ ಸರ್ಕಾರವೇ 2017ರಿಂದ ವಿಶೇಷ ಹಸಿರು ಪಾಸ್‌ಪೋರ್ಟ್ ಕೊಡುತ್ತಿದೆ, ಅದಿದ್ದರೆ ವೀಸಾ ಬೇಡ. ಕರವಸ್ತ್ರದಲ್ಲಿ ಬುಷ್ಷು ಸುತ್ತಿಕೊಂಡು ಬರುವವರಿಗೆ ಎಲ್ಲಿಯ ಹಸಿರು ಪಾಸ್‌ಪೋರ್ಟು?

ಮೂರನೆಯದು ಇನ್ನೂ ವಿಚಿತ್ರ, ನಮಗೂ ಸಂಬಂಧಪಟ್ಟದ್ದು. ಯುರೋಪ್ ಬೇರೆ ದೇಶದ ಜೊತೆ ಸುಂಕ ಒಪ್ಪಂದ ಮಾಡಿಕೊಂಡರೆ ಆ ದೇಶದ ಮಾಲು ಯುರೋಪಿನೊಳಗೆ ಬಂದು, ಅಲ್ಲಿಂದ ಟರ್ಕಿಗೂ ಸುಂಕವಿಲ್ಲದೆ ಹೋಗಬಹುದು. ಆದರೆ ಆ ದೇಶ ಟರ್ಕಿಗೆ ಬಾಗಿಲು ತೆರೆಯಬೇಕು ಅಂತಿಲ್ಲ. ಅದಕ್ಕೆ ಟರ್ಕಿ ಬೇರೆಯೇ ಒಪ್ಪಂದ ಮಾಡಿಕೊಳ್ಳಬೇಕು. ದಕ್ಷಿಣ ಕೊರಿಯಾ ಜೊತೆಗಿನ ಯುರೋಪಿನ ಒಪ್ಪಂದ 2011ರಲ್ಲಿ ಜಾರಿಗೆ ಬಂತು, ಟರ್ಕಿಯದು 2013ರಲ್ಲಿ. ಭಾರತ ಯುರೋಪ್ ಜೊತೆ ಮಾತುಕತೆ ಶುರು ಮಾಡಿದ್ದು 2007ರಲ್ಲಿ, ಆಗಿನಿಂದ ಇಸ್ತಾಂಬುಲ್‌ನ ವ್ಯಾಪಾರಿಗಳು ದೆಹಲಿಯ ಸುದ್ದಿಯನ್ನು ನಮಗಿಂತ ಗಮನವಿಟ್ಟು ಓದುವುದು ಇದಕ್ಕೇ.

ಈ ಮೂರನ್ನೂ ಸರಿಮಾಡಿ ಎಂದು ಛೇಂಬರ್‌ಗಳು ವರ್ಷಗಳಿಂದ ಕೂಗುತ್ತಿವೆ. ವಿಶೇಷ ಏನೆಂದರೆ ಜರ್ಮನಿಯ ಛೇಂಬರ್‌ಗಳೂ ಸೇರಿ ಕೂಗುತ್ತವೆ, ಯಾಕೆಂದರೆ ಮಾಲು ತಡವಾದರೆ ನಷ್ಟ ಇಬ್ಬರಿಗೂ. ಒಪ್ಪಂದವನ್ನು ಹೊಸ ಕಾಲಕ್ಕೆ ತಕ್ಕಂತೆ ತಿದ್ದೋಣ ಎಂದು ಯುರೋಪ್ ಕಮಿಷನ್ 2016ರ ಡಿಸೆಂಬರ್‌ನಲ್ಲೇ ಹೇಳಿತು. 2018ರ ಜೂನ್‌ನಲ್ಲಿ ಸದಸ್ಯ ದೇಶಗಳ ಮಂತ್ರಿಗಳು, ಟರ್ಕಿ ಯುರೋಪಿನಿಂದ ದೂರ ಸರಿಯುತ್ತಿದೆ ಎಂದು ಕಾರಣ ಹೇಳಿ ಆ ಕೆಲಸ ಪಕ್ಕಕ್ಕಿಟ್ಟರು. ಅಷ್ಟಾದರೂ ಎರಡೂ ಕಡೆಯ ಸರಕು ವ್ಯಾಪಾರ 2023ರಲ್ಲಿ 200 ಬಿಲಿಯನ್ ಯುರೋ ದಾಟಿತು. ಬೈಯುತ್ತಾರೆ, ಮಾರುತ್ತಾರೆ. ಸಂಸಾರ ಅಂದರೆ ಹಾಗೇ ಅಲ್ವಾ.

ಪ್ರಶ್ನೆ: ಬಕ್ಲಾವಾ ಸಿಹಿತಿಂಡಿಯ ಹಾಳೆ ಅಷ್ಟು ತೆಳ್ಳಗೆ ಲಟ್ಟಿಸುವ ಗುಟ್ಟೇನು? ಅಂದ ಹಾಗೆ ಬಕ್ಲಾವಾ ಯಾರದ್ದು? ಗ್ರೀಸ್‌ನವರೂ ನಮ್ಮದು ಅನ್ನುತ್ತಾರೆ. (ಬೇಕರಿ ಮಾಲೀಕರು, ಹಾಸನ)

ಉತ್ತರ: ಈ ಜಗಳಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಗಾಜಿಯಾಂಟೆಪ್ ಊರಿನ ಕೈಗಾರಿಕಾ ಛೇಂಬರ್ ಹಾಕಿತು. 'ಆಂಟೆಪ್ ಬಕ್ಲಾವಾಸಿ' ಎಂಬ ಹೆಸರಿಗೆ ಯುರೋಪ್ ಒಕ್ಕೂಟದಲ್ಲಿ ಭೌಗೋಳಿಕ ಗುರುತು ಕೇಳಿ ಅರ್ಜಿ ಹಾಕಿ 2013ರಲ್ಲಿ ಪಡೆದುಕೊಂಡಿತು. ಟರ್ಕಿಯಿಂದ ಈ ಗುರುತು ಪಡೆದ ಮೊದಲ ಪದಾರ್ಥ ಅದು. ಬಕ್ಲಾವಾ ಎಲ್ಲರದೂ ಇರಲಿ, ಆಂಟೆಪ್ ಬಕ್ಲಾವಾ ಮಾತ್ರ ಆಂಟೆಪ್‌ನದು. ಆಮೇಲೆ ಐದಿನ್ ಅಂಜೂರ, ಮಲಾತ್ಯಾ ಏಪ್ರಿಕಾಟ್ ಕೂಡ ಸೇರಿದವು. ಧಾರವಾಡ ಪೇಡಕ್ಕೆ ನಮ್ಮಲ್ಲಿ ಜಿಐ ಇದೆ, ಅದೇ ಲೆಕ್ಕ. ಹಾಳೆ ತೆಳ್ಳಗೆ ಲಟ್ಟಿಸುವ ಗುಟ್ಟು ಕೇಳಿದ್ದೀರಿ, ಅದು ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ, ಗೊತ್ತೂ ಇಲ್ಲ.

ಪ್ರಶ್ನೆ: ನಾನು ಕಲೋನಿನಲ್ಲಿ ಓದುತ್ತಿರುವ ಮೈಸೂರಿನವನು. ಇಲ್ಲಿನ ಟರ್ಕಿ ಅಂಗಡಿಯವರಿಗೂ ಈ ವ್ಯಾಪಾರಕ್ಕೂ ಸಂಬಂಧ ಇದೆಯಾ? (ವಿದ್ಯಾರ್ಥಿ, ಕಲೋನ್)

ಉತ್ತರ: ಬಹಳ ಇದೆ. 1961ರ ಅಕ್ಟೋಬರ್ 30ರಂದು ಪಶ್ಚಿಮ ಜರ್ಮನಿ ಟರ್ಕಿಯಿಂದ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ನೀವಿರುವ ಊರಿನ ಫೋರ್ಡ್ ಕಾರ್ಖಾನೆಗೆ ಬಂದವರೇ ಎಷ್ಟೋ ಜನ. ಅಪ್ಪಂದಿರು ಅಲ್ಲಿ ನಟ್ಟು ಬಿಗಿದರು. ಇವತ್ತು ಯುರೋಪಿನಲ್ಲಿ ಓಡುವ ಫೋರ್ಡ್ ಟ್ರಾನ್ಸಿಟ್ ವ್ಯಾನು ತಯಾರಾಗುವುದು ಟರ್ಕಿಯ ಕೊಜಾಯ್ಲಿಯಲ್ಲಿ, ಕೊಚ್ ಎಂಬ ಅಲ್ಲಿನ ಉದ್ಯಮಿ ಕುಟುಂಬದ ಜೊತೆಗಿನ ಪಾಲುದಾರಿಕೆಯಲ್ಲಿ. ಮಕ್ಕಳು, ಮೊಮ್ಮಕ್ಕಳು ಎರಡೂ ಭಾಷೆ ಬಲ್ಲವರು. ಜರ್ಮನ್ ಅಕೌಂಟೆಂಟ್‌ಗೂ ಟರ್ಕಿಯ ಮೇಸ್ತ್ರಿಗೂ ಒಂದೇ ಫೋನಿನಲ್ಲಿ ಮಾತಾಡಬಲ್ಲವರು. ಟರ್ಕಿ–ಜರ್ಮನಿ ಎರಡಕ್ಕೂ ಸೇರಿದ ಛೇಂಬರ್ ಒಂದು ಜರ್ಮನಿಯಲ್ಲಿ ಹುಟ್ಟಿದ್ದು ಆಶ್ಚರ್ಯ ಅಲ್ಲ.

ಮ್ಯೂಲ್‌ಹೈಮ್ ಕಡೆ ಕೊಯ್ಪ್‌ಸ್ಟ್ರಾಸೆ ಎಂಬ ರಸ್ತೆ ಇದೆ, ಹೋಗಿ ಬನ್ನಿ. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ. ನಾನು ಒಮ್ಮೆ ಮೊದಲ ಗಿರಾಕಿಯಾಗಿ ಎರಡು ಸಿಮಿತ್ ಕೊಂಡೆ, ಎಳ್ಳು ಹಚ್ಚಿದ ಬಳೆಯಂಥ ಬ್ರೆಡ್ಡು. ಅಂಗಡಿಯವರು ನಾಣ್ಯ ತಗೊಂಡು ಗಡ್ಡಕ್ಕೆ ಸವರಿಕೊಂಡು 'ಸಿಫ್ತಾಹ್' ಅಂದರು. ನನಗೆ ರೋಮಾಂಚನ. ನಮ್ಮ ದೇವರಾಜ ಮಾರುಕಟ್ಟೆಯ ಹೂವಿನವಳು ಬೋಣಿ ದುಡ್ಡನ್ನು ಕಣ್ಣಿಗೆ ಒತ್ತಿಕೊಳ್ಳುವುದು ಇದೇ ಅಲ್ಲವೇ! ಕೈಸನ್ನೆ ಮಾಡಿ, ನಮ್ಮಲ್ಲೂ ಇದೆ ಎಂದು ತೋರಿಸಿದೆ. ಮೂರನೇ ಸಿಮಿತ್‌ಗೆ ಅವರು ದುಡ್ಡು ತಗೊಳ್ಳಲಿಲ್ಲ.

ಪ್ರಶ್ನೆ: ನಾರಿನ ಉತ್ಪನ್ನ ಬೇಕೆಂದು ಟರ್ಕಿಯ ಒಂದು ಕಂಪನಿ ಮೇಲ್ ಮಾಡಿದೆ. ಅದು ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? (ತೆಂಗಿನ ನಾರಿನ ಘಟಕದವರು, ತಿಪಟೂರು)

ಉತ್ತರ: ಮೇಲ್ ಬಂದ ದಿನವೇ ಸ್ಯಾಂಪಲ್ ಕಳಿಸಬೇಡಿ. ಟರ್ಕಿಯಲ್ಲಿ ಕಂಪನಿಗಳ ನೋಂದಣಿ ಕಚೇರಿಗಳು ಇರುವುದು ಛೇಂಬರ್‌ಗಳ ಒಳಗೇ. ಜರ್ಮನಿಯಲ್ಲಿ ಆ ಪುಸ್ತಕ ಕೋರ್ಟಿನಲ್ಲಿರುತ್ತದೆ, ಟರ್ಕಿಯಲ್ಲಿ ಛೇಂಬರ್‌ನಲ್ಲಿ. ಹಾಗಾಗಿ ಯಾವ ಕಂಪನಿ ಇದೆ, ಯಾರು ಸಹಿ ಹಾಕಬಹುದು, ವಿಳಾಸ ಬದಲಾಯಿತೇ ಎಂಬುದೆಲ್ಲ ಅವರ ಕೈಯಲ್ಲಿ. ಇದೆಲ್ಲ ಅಚ್ಚಾಗುವ ಗೆಜೆಟ್ಟನ್ನು ಟಿಒಬಿಬಿಯೇ ಹೊರಡಿಸುತ್ತದೆ, ಆನ್‌ಲೈನ್ ಇದೆ, ಟರ್ಕಿ ಭಾಷೆಯಲ್ಲಿ. ಕಂಪನಿಯವರಿಗೆ ಮೂರು ಕೇಳಿ: ಮೆರ್ಸಿಸ್ ನಂಬರ್ (ಕಂಪನಿಯ ನೋಂದಣಿ ಸಂಖ್ಯೆ), ಛೇಂಬರ್ ಸದಸ್ಯತ್ವದ ನಂಬರ್, ಮತ್ತು 'ಫಾಲಿಯೆತ್ ಬೆಲ್ಗೆಸಿ'. ಆ ಕೊನೆಯದು, ಈ ಕಂಪನಿ ಈಗ ನಡೆಯುತ್ತಿದೆ ಎಂದು ಛೇಂಬರ್ ಕೊಡುವ ಪತ್ರ. ಅಸಲಿ ವ್ಯಾಪಾರಿಗೆ ಇದು ಅರ್ಧ ದಿನದ ಕೆಲಸ. ನಕಲಿಯವನು ಮಾರನೇ ದಿನದಿಂದ ನಿಮಗೆ ಉತ್ತರ ಕೊಡುವುದಿಲ್ಲ.

ಆ ಪತ್ರ ಬಂದ ಮೇಲೆ ಅದರಲ್ಲಿ ಬರೆದಿರುವ ನಂಬರಿಗೆ ಫೋನ್ ಮಾಡಬೇಡಿ. ಛೇಂಬರ್‌ನ ನಂಬರ್ ನೀವೇ ಹುಡುಕಿ ಮಾಡಿ. ಇಂಗ್ಲಿಷ್ ಬಲ್ಲವರು ಒಬ್ಬರಾದರೂ ಇರುತ್ತಾರೆ, ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಮಾಡಿ. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ.